ಟೆಂಡರಿನೊಳಗೆ ವಾಸವಾಗಿರುವ ಹಿರಿಯ ತಜ್ಞರ ಸಂಬಳ ಯಾರಿಗೆ ಹೋಗುತ್ತಿದೆ ಎಂದು ಕೇಳಿ

ಇಂದ,
ನೆಟ್‌ವರ್ಕ್ ಸಹಾಯಕ, ಗ್ರೇಡ್ ಮೂರು (ಕಂಪನಿಯ ಸಂಬಳ ಪಟ್ಟಿಯ ಪ್ರಕಾರ),
ಉರುಫ್ ಹಿರಿಯ ನೆಟ್‌ವರ್ಕ್ ತಜ್ಞ (ಅದೇ ಕಂಪನಿಯ ಟೆಂಡರಿನ ಪ್ರಕಾರ),
ಉರುಫ್ ವೈರಣ್ಣ (ಕರೆಯುವವರ ಪ್ರಕಾರ),
ನೆಲಮಾಳಿಗೆ, ಜನರೇಟರ್ ಪಕ್ಕದ ಕೋಣೆ.

ಗೆ,
ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರು,
ಐದನೇ ಮಹಡಿ, ಗಾಜಿನ ಕೋಣೆ.

(ಈ ಅರ್ಜಿಯನ್ನು ಮಾರಾಟ ವಿಭಾಗದ ಮುಖ್ಯಸ್ಥರ ಮುಖಾಂತರ ಸಲ್ಲಿಸಬೇಕೆಂದು ನಿಯಮವಿದೆ. ಅವರು ಬೆಳಿಗ್ಗೆಯಿಂದ ನನಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದು, ನಾನು ತೆಗೆಯುತ್ತಿಲ್ಲವಾದ ಕಾರಣ ಅವರ ಮುಖ ಸಿಗಲಿಲ್ಲ. ನೇರವಾಗಿ ಸಲ್ಲಿಸಿದ್ದೇನೆ.)

ವಿಷಯ: ನನ್ನ ಹೆಸರು, ನನ್ನ ಹುಟ್ಟಿದ ದಿನಾಂಕ ಹಾಗೂ ನನ್ನ ಸರ್ಟಿಫಿಕೇಟ್ ಹೊಂದಿದ್ದು, ನನ್ನ ಸಂಬಳ ಮಾತ್ರ ಹೊಂದಿರದ ಹಿರಿಯ ತಜ್ಞರೊಬ್ಬರ ಬಗ್ಗೆ ಮಾಹಿತಿ ಮತ್ತು ತತ್ಸಂಬಂಧ ಕೋರಿಕೆ.

ಉಲ್ಲೇಖ:
೧. ಮೇಜು ಗುದ್ದಿದ್ದಕ್ಕೆ ಕಾರಣ ಕೇಳಿ ತಾವು ಕೊಟ್ಟ ಮೆಮೊ.
೨. ಸರ್ಟಿಫಿಕೇಟನ್ನು ಸ್ವಂತ ಖರ್ಚಿನಲ್ಲಿ ನವೀಕರಿಸಿಕೊಂಡು ಕಂಪನಿಯ ಮರ್ಯಾದೆ ಕಾಪಾಡಬೇಕೆಂದು ಮಾರಾಟ ವಿಭಾಗದ ಮುಖ್ಯಸ್ಥರು ಕಳಿಸಿದ ಮೇಲ್.
೩. ಗ್ರೇಡ್ ಏರಿಸಬೇಕೆಂದು ನಾನು ಈ ಹಿಂದೆ ಕೊಟ್ಟ ಅರ್ಜಿಗಳು. ಅವಕ್ಕೆ ಉತ್ತರ ಬಂದಿಲ್ಲವಾದ್ದರಿಂದ ಇಲ್ಲಿ ಬರೆಯಲು ಸಂಖ್ಯೆ ಇಲ್ಲ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯವು ಮೇಲೆಯೇ ಕಾಣಿಸುತ್ತಿರುವುದರಿಂದ ಅದನ್ನು ಮತ್ತೆ ಹೇಳದೆ, ಉಲ್ಲೇಖ ಒಂದಕ್ಕೆ ಮೊದಲು ಉತ್ತರ ಕೊಡುತ್ತೇನೆ. ನಾನು ಮೇಜು ಗುದ್ದಿದ್ದು ನಿಜ. ಕಾರಣ, ಮೇಜು ಹತ್ತಿರವಿತ್ತು. ಈ ಉತ್ತರ ಸಾಲದೆಂದು ತಮಗೆ ಅನಿಸಿದಲ್ಲಿ ಕೆಳಗಿನ ಅಂಶಗಳನ್ನು ದಯವಿಟ್ಟು ಓದಬೇಕು.

೧. ನಾನು ಈ ಕಂಪನಿಗೆ ಸೇರಿದಾಗ ಇಲ್ಲಿ ಗಾಜಿನ ಕೋಣೆ ಇರಲಿಲ್ಲ, ತಾವೂ ಇರಲಿಲ್ಲ. ಇದ್ದದ್ದು ಒಂದು ಏಣಿ, ಒಂದು ಡ್ರಿಲ್ ಮಷೀನು, ಮತ್ತು ನಾನು. ಆಸ್ಪತ್ರೆ, ಗೋದಾಮು, ಕಾಲೇಜು, ಎಲ್ಲೆಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಬೇಕೋ ಅಲ್ಲೆಲ್ಲ ಚಾವಣಿಯ ಸಂದಿಗೆ ನುಗ್ಗಿ ಕೇಬಲ್ ಎಳೆಯುವುದು ನನ್ನ ಕೆಲಸವಾಗಿತ್ತು. ಕೇಬಲಿನ ತುದಿಯಲ್ಲಿ ಮಿಣುಕುವ ಪೆಟ್ಟಿಗೆಗೆ ಏನು ಹೇಳಿದರೆ ಮಾತು ಕೇಳುತ್ತದೆ ಎಂಬುದನ್ನು ಆಮೇಲಾಮೇಲೆ ಕಲಿತೆ. ಕಲಿಯುವಾಗ ಎರಡು ಪೆಟ್ಟಿಗೆ ಸುಟ್ಟಿದ್ದೇನೆ, ಒಂದು ಕಾಲೇಜಿನ ಪರೀಕ್ಷೆ ಮುಂದೆ ಹೋಗುವಂತೆ ಮಾಡಿದ್ದೇನೆ. ಯಾರೂ ಕಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಓದಿದ್ದು ಊರಿನ ಶಾಲೆಯಲ್ಲಿ, ಅದೂ ಹತ್ತರವರೆಗೆ. ಇಂದ, ಗೆ, ವಿಷಯ ಎಂದು ಸಾಲು ಹಾಕುವುದನ್ನು ಅಲ್ಲಿಯ ಮೇಷ್ಟ್ರು ಬೆರಳಿನ ಗೆಣ್ಣಿಗೆ ಬಾರಿಸಿ ಕಲಿಸಿದ್ದರು. ನನ್ನ ಶಾಲೆಯ ವಿದ್ಯೆಯಲ್ಲಿ ತಮ್ಮ ಕಂಪನಿಯಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

೨. ಹೀಗಿರುವಾಗ ತಮ್ಮ ವಿಭಾಗದಿಂದ ಒಂದು ಸುತ್ತೋಲೆ ಬಂತು. ವೃತ್ತಿ ಸರ್ಟಿಫಿಕೇಟ್ ಪಡೆದವರಿಗೆ ಅದಕ್ಕೆ ತಕ್ಕ ಗ್ರೇಡ್, ಗ್ರೇಡಿಗೆ ತಕ್ಕ ಸಂಬಳ ಎಂದು ಅದರಲ್ಲಿತ್ತು. ಕೆಳಗೆ ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ನೆಗೆಯುತ್ತಿರುವ ಒಬ್ಬ ಮನುಷ್ಯನ ಚಿತ್ರವಿತ್ತು. ನಾನು ಸುತ್ತೋಲೆಗಿಂತ ಹೆಚ್ಚಾಗಿ ಆ ಚಿತ್ರವನ್ನು ನಂಬಿದೆ.

ನನ್ನ ಹೆಂಡತಿ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಅದು ಸಾಲದೆಂದು ಸಂಜೆ ಮನೆಯಲ್ಲಿ ಇಸ್ತ್ರಿಗೆ ಬಟ್ಟೆ ತೆಗೆದುಕೊಳ್ಳುತ್ತಿದ್ದಳು. ಅವಳ ಬಲಗೈಯ ಮಣಿಕಟ್ಟು ಊದಿಕೊಂಡು ಬಳೆ ಏರುವುದಿಲ್ಲ. ಸಂಜೆಯ ಇಸ್ತ್ರಿ ಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ಗ್ರೇಡ್ ಏರಿದ ತಿಂಗಳೇ ಬಿಡಿಸುತ್ತೇನೆ ಎಂದು ನಾನೂ ಹೇಳಿದೆ. ಡಾಕ್ಟರು ಹೇಳಿದ್ದಕ್ಕೆ ಫೀಸು ತೆಗೆದುಕೊಂಡರು. ನಾನು ಪುಕ್ಕಟೆ ಹೇಳಿದೆ.

ಪುಸ್ತಕ ಇಂಗ್ಲಿಷಿನಲ್ಲಿತ್ತು. ಕಾಲೇಜಿಗೆ ಹೋಗುವ ಮಗಳು ಒಂದೊಂದು ಪುಟ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಹಿಂದಿನ ಪರೀಕ್ಷೆಗಳ ಪ್ರಶ್ನೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಅವಳಮ್ಮನ ಕೈಗೆ ಕೊಟ್ಟಿದ್ದಳು. ಇವಳು ಇಸ್ತ್ರಿ ಹಾಕುತ್ತ ಕೇಳುವುದು, ನಾನು ಹೇಳುವುದು. ಪ್ರಶ್ನೆ ಏನೆಂದು ಅವಳಿಗೆ ಗೊತ್ತಿಲ್ಲ, ಉತ್ತರ ಏನೆಂದೂ ಗೊತ್ತಿಲ್ಲ. ಆದರೂ ನನ್ನ ತಪ್ಪನ್ನೆಲ್ಲ ಹಿಡಿಯುತ್ತಿದ್ದಳು. ಹೇಗೆ ಎಂದು ಕೇಳಿದ್ದಕ್ಕೆ, "ನೀವು ಗಂಟಲು ಸರಿ ಮಾಡ್ಕೊಂಡ್ರೆ ಗೊತ್ತಿಲ್ಲ ಅಂತ ಅರ್ಥ. ಮದುವೆ ಆದಾಗಿಂದ ಕೇಳ್ತಾ ಇದೀನಿ" ಎಂದಳು. ಮೊದಲ ಸಲ ಫೇಲಾದೆ. ಪರೀಕ್ಷೆಯಲ್ಲಿಯೂ ಬಹಳ ಸಲ ಗಂಟಲು ಸರಿ ಮಾಡಿಕೊಂಡಿದ್ದೆ. ಎರಡನೇ ಸಲ ಪಾಸಾದೆ. ಎರಡೂ ಸಲದ ಫೀಸು ನನ್ನದೇ. ಒಂದೊಂದು ಸಲಕ್ಕೂ ನನ್ನ ಅರ್ಧ ತಿಂಗಳ ಸಂಬಳ ಬೇಕಾಯಿತು.

ಪರೀಕ್ಷಾ ಕೇಂದ್ರದ ಬಗ್ಗೆ ತಾವು ಗಮನಿಸಬೇಕಾದ ಸಂಗತಿಯೊಂದಿದೆ. ಅಲ್ಲಿ ನಾನು ನಾನೇ ಎಂದು ರುಜುವಾತು ಮಾಡಲು ಎರಡು ಗುರುತಿನ ಚೀಟಿ ಕೇಳಿದರು. ಕನ್ನಡಕ ತೆಗೆಸಿ ಅದರ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ತೋಳು ಮಡಚಿಸಿದರು, ಜೇಬಿನ ಒಳಗನ್ನು ಹೊರಗೆ ಮಾಡಿಸಿದರು, ಕಿವಿಯೊಳಗೆ ಟಾರ್ಚ್ ಬಿಟ್ಟರು. ಬಾಗಿಲಲ್ಲಿದ್ದ ಹೆಣ್ಣುಮಗಳು ನನ್ನ ಫೋಟೋ ನೋಡಿ, ನನ್ನನ್ನು ನೋಡಿ, ಮತ್ತೆ ಫೋಟೋ ನೋಡಿ, "ಮೀಸೆ ಇರ್ಲಿಲ್ವಾ ಆಗ" ಎಂದು ಕೇಳಿದಳು. ನನ್ನ ಹೆಸರನ್ನು ಬೇರೆ ಯಾರೂ ಹಾಕಿಕೊಂಡು ಬರಬಾರದು ಎಂದು ಅವರು ಪಟ್ಟ ಕಷ್ಟ ನೋಡಿ ನನಗೆ ಬಹಳ ಸಂತೋಷವಾಯಿತು. ಆಗ ನನಗೆ ಬುದ್ಧಿ ಕಡಿಮೆ.

೩. ಸರ್ಟಿಫಿಕೇಟ್ ಬಂತು. ಮೂರು ವರ್ಷದ ಆಯುಸ್ಸು ಎಂದು ಅದರ ಮೇಲೆಯೇ ಅಚ್ಚಾಗಿತ್ತು. ಕಂಪನಿ ನನಗೆ ಒಂದು ಕಾಫಿ ಮಗ್ ಕೊಟ್ಟಿತು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಕೆಳಗಿನ ಹಾಲ್‌ನಲ್ಲಿ, ಬಂದವರಿಗೆ ಮೊದಲು ಕಾಣುವ ಗೋಡೆಯಲ್ಲಿ ತೂಗುಹಾಕಿತು. ಗೋಡೆ ಕೊರೆಯಲು ನನ್ನನ್ನೇ ಕರೆದರು. ಓರೆಯಾಗಿದೆ ಎಂದು ಎರಡು ಸಲ ಬಿಚ್ಚಿಸಿದರು.

ಗ್ರೇಡಿನ ಬಗ್ಗೆ ಕೇಳಿದಾಗ ಸುತ್ತೋಲೆಯ ಕೊನೆಯ ಸಾಲು ಓದಿ ಎಂದು ತಮ್ಮ ವಿಭಾಗದವರು ಹೇಳಿದರು. ಸರ್ಟಿಫಿಕೇಟಿನ ಲಾಭ ಗ್ರೇಡ್ ಐದು ಮತ್ತು ಮೇಲ್ಪಟ್ಟವರಿಗೆ ಮಾತ್ರ, ಗ್ರೇಡ್ ಐದಕ್ಕೆ ಪದವಿ ಕಡ್ಡಾಯ ಎಂದು ಅಲ್ಲಿತ್ತು. ನೆಗೆಯುತ್ತಿರುವ ಮನುಷ್ಯನ ಕಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಅವನು ಯಾಕೆ ನೆಲಕ್ಕೆ ಕಾಲು ಊರಿರಲಿಲ್ಲ ಎಂದು ಆಗ ತಿಳಿಯಿತು.

ಆದ್ದರಿಂದ ನಾನು ಗ್ರೇಡ್ ಮೂರರಲ್ಲೇ ಉಳಿದೆ. ಇಸ್ತ್ರಿಯೂ ಉಳಿಯಿತು.

೪. ಈಗ ಹಿರಿಯ ತಜ್ಞರು ಪ್ರವೇಶಿಸುತ್ತಾರೆ.

ಹೋದ ವರ್ಷ ದೊಡ್ಡ ಆಸ್ಪತ್ರೆಯೊಂದರ ಕೆಲಸ ಹಿಡಿಯುವ ಮಾತು ನಡೆದಿತ್ತು. ಮಾರಾಟ ವಿಭಾಗದ ಮುಖ್ಯಸ್ಥರು ನೆಲಮಾಳಿಗೆಗೆ ಇಳಿದು ಬಂದು, ಟೆಸ್ಟರ್ ಇರುವ ಬ್ಯಾಗ್ ಹಿಡಿದು ನಾಳೆ ಜೊತೆಗೆ ಬರಬೇಕೆಂದೂ ಬಾಯಿಯನ್ನು ಮಾತ್ರ ಇಲ್ಲೇ ಬಿಟ್ಟು ಬರಬೇಕೆಂದೂ ಹೇಳಿದರು. ಬಾಯಿಯ ವಿಚಾರ ಯಾಕೆ ಬಂತೆಂದರೆ, ಅದಕ್ಕೂ ಮೊದಲು ಗೋದಾಮಿನ ಮಾಲೀಕರೊಬ್ಬರಿಗೆ ನಾನು, ತೊಂದರೆ ವೈರಿನಲ್ಲಿಲ್ಲ, ನಿಮ್ಮ ತಲೆಯಲ್ಲಿದೆ ಎಂದು ಹೇಳಿದ್ದೆ. ತೊಂದರೆ ಅಲ್ಲೇ ಇತ್ತು. ಆದರೂ ಆ ಗಿರಾಕಿ ಹೋದರು.

ಕಾರಿನಲ್ಲಿ ಮುಖ್ಯಸ್ಥರ ಜೊತೆ ಅವರ ವಿಭಾಗಕ್ಕೆ ಹೊಸದಾಗಿ ಸೇರಿದ, ಒಳ್ಳೆಯ ಕೋಟು ತೊಟ್ಟ ಒಬ್ಬರಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವತ್ತು ಅವರೂ ಅದನ್ನು ಬಳಸಲಿಲ್ಲ.

ಆಸ್ಪತ್ರೆಯ ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜಿತ್ತು. ಆ ಕಡೆ ಖರೀದಿ ಅಧಿಕಾರಿ, ಈ ಕಡೆ ಮುಖ್ಯಸ್ಥರು, ಪಕ್ಕದಲ್ಲಿ ಕೋಟಿನವರು. ಬಾಗಿಲ ಬಳಿಯ ಕುರ್ಚಿಯಲ್ಲಿ ಬ್ಯಾಗು, ಬ್ಯಾಗಿನ ಪಕ್ಕ ನಾನು. ಮುಖ್ಯಸ್ಥರು ನಮ್ಮ ಹಿರಿಯ ತಜ್ಞರನ್ನು ಪರಿಚಯಿಸುತ್ತೇನೆ ಎಂದರು. ಕೋಟಿನವರ ಭುಜದ ಮೇಲೆ ಕೈ ಇಟ್ಟರು. ನನ್ನ ಹೆಸರು ಹೇಳಿದರು.

ಬರೀ ಹೆಸರಲ್ಲ. ನನ್ನ ಅನುಭವ ಎಷ್ಟು ವರ್ಷ, ನಾನು ಯಾವ ಯಾವ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೇನೆ, ನನ್ನ ಸರ್ಟಿಫಿಕೇಟ್ ಯಾವುದು, ಎಲ್ಲವನ್ನೂ ಹೇಳಿದರು. ಮಧ್ಯೆ ಒಂದು ಎಂಜಿನಿಯರಿಂಗ್ ಪದವಿಯನ್ನೂ ಸೇರಿಸಿದರು. ಅಷ್ಟು ಚೆನ್ನಾಗಿ ನನ್ನ ಬಗ್ಗೆ ಯಾರೂ ಇದುವರೆಗೆ ಮಾತಾಡಿರಲಿಲ್ಲ. ಕೋಟಿನವರು ವಿನಯದಿಂದ ತಲೆ ತಗ್ಗಿಸಿದರು. ನನಗೂ ತಗ್ಗಿಸಬೇಕು ಅನಿಸಿತು.

ಖರೀದಿ ಅಧಿಕಾರಿ ಕಾಗದ ತಿರುವಿ, ತಲೆ ಎತ್ತದೆ, ಹೆಸರು ಹಿಡಿದು ಕರೆದರು. ಮಾನ್ಯರೇ, ನಾನು ಐವತ್ತರ ಹತ್ತಿರ ಬಂದವನು. ಹುಟ್ಟಿದಾಗಿನಿಂದ ಆ ಹೆಸರು ಕರೆದರೆ ಓಗೊಟ್ಟು ಅಭ್ಯಾಸ. ಬಾಯಿ ಬಿಟ್ಟು ಬಾ ಎಂದಿದ್ದರೂ ಮರೆತು ಎದ್ದುನಿಂತು "ಹೇಳಿ ಸಾರ್" ಎಂದೆ. ಅದೇ ಕ್ಷಣಕ್ಕೆ ಕೋಟಿನವರೂ "ಹೇಳಿ ಸಾರ್" ಎಂದರು.

ಅಧಿಕಾರಿ ಈಗ ತಲೆ ಎತ್ತಿದರು. ಇವರು ಯಾರು ಎಂದು ನನ್ನ ಕಡೆ ಬೆರಳು ಮಾಡಿದರು. ಮುಖ್ಯಸ್ಥರು ರೆಪ್ಪೆ ಬಡಿಯದೆ ಹೇಳಿದರು:

"ಅವರ ಸಹಾಯಕ, ಸಾರ್. ಇಬ್ಬರ ಹೆಸರೂ ಒಂದೇ."

ಅಧಿಕಾರಿಗೆ ಇದು ಬಹಳ ಹಿಡಿಸಿತು. ಸಭೆ ಮುಗಿದ ಮೇಲೆ ಬಾಗಿಲವರೆಗೂ ಬಂದು ನನ್ನ ಬೆನ್ನು ತಟ್ಟಿದರು. "ಹೆಸರು ಒಂದೇ ಇದ್ರೆ ಸಾಲ್ದಪ್ಪ. ಅವ್ರ ಜೊತೇಲೇ ಇದ್ದು ಕಲ್ತುಕೋ" ಎಂದರು.

ಬಾಯಿ ಇಲ್ಲದಿದ್ದ ಕಾರಣ ಆಗಲಿ ಸಾರ್ ಎಂದೆ.

೫. ಈ ಅಂಶವನ್ನು ಆ ದಿನದ ನನ್ನ ಮನಸ್ಸಿನ ಸ್ಥಿತಿಯನ್ನು ವಿವರಿಸಲು ಬರೆದಿದ್ದೆ. ಹೆಂಡತಿ ಓದಿ, ಮಗಳು ಮನೆಯಲ್ಲಿರುವಾಗ ಇಂಥ ಮಾತು ಬರೆಯಬಾರದೆಂದು ಹೊಡೆದುಹಾಕಿದ್ದಾಳೆ. ಸಂಖ್ಯೆ ಮಾತ್ರ ಉಳಿದಿದೆ.

೬. ಹಿಂದಿರುಗುವಾಗ ಕಾರಿನಲ್ಲಿ ನಾನು ಇದೇನು ಎಂದು ಕೇಳಿದೆ. ಕೇಳಿದ ರೀತಿಗೆ ಡ್ರೈವರ್ ಕಾರನ್ನು ಪಕ್ಕಕ್ಕೆ ಹಾಕಿದ. ಮುಖ್ಯಸ್ಥರು ಮಾತ್ರ ಶಾಂತವಾಗಿ ವಿವರಿಸಿದರು. ಇಂಥ ಕೆಲಸಕ್ಕೆ ಟೆಂಡರ್ ಹಾಕಬೇಕಾದರೆ ಕಂಪನಿಯಲ್ಲಿ ಚಾಲ್ತಿಯಲ್ಲಿರುವ ಸರ್ಟಿಫಿಕೇಟ್ ಇರುವ ಒಬ್ಬ ಹಿರಿಯ ತಜ್ಞನಾದರೂ ಇರಬೇಕಂತೆ. ಇಲ್ಲದಿದ್ದರೆ ಲಕೋಟೆ ತೆರೆಯುವುದೇ ಇಲ್ಲವಂತೆ. ಪದವಿ ಇರುವವರು ಸರ್ಟಿಫಿಕೇಟ್ ಬಂದ ತಿಂಗಳೇ ಹೆಚ್ಚು ಸಂಬಳ ಕೊಡುವ ಕಡೆ ಹಾರಿಹೋಗುತ್ತಾರೆ. ಉಳಿದವನು ನಾನೊಬ್ಬ. ಸರ್ಟಿಫಿಕೇಟ್ ಗೋಡೆಗೆ ಏರಿದ ದಿನದಿಂದ ಪ್ರತಿ ಟೆಂಡರಿನಲ್ಲೂ ಹಿರಿಯ ತಜ್ಞ ನಾನೇ. ಪದವಿ ಇಲ್ಲದವನನ್ನು ಬೇರೆ ಯಾರೂ ಕರೆಯುವುದಿಲ್ಲ ಎಂಬ ಧೈರ್ಯದ ಮೇಲೆ ಕಂಪನಿಯ ಟೆಂಡರುಗಳೆಲ್ಲ ನಿಂತಿವೆ. ಇದು ಮುಖ್ಯಸ್ಥರ ಮಾತಲ್ಲ, ನಾನು ಕೂಡಿಸಿಕೊಂಡದ್ದು. ಅವರು ಕೊನೆಗೆ ಹೇಳಿದ್ದು ಇಷ್ಟೇ:

"ಹೆಸರು ನಿಂದು, ಮುಖ ಅವ್ನದು, ಕಂಪನಿ ಎಲ್ರದು. ಇದ್ರಲ್ಲಿ ಬೇಜಾರು ಮಾಡ್ಕೊಳ್ಳೋದು ಏನಿದೆ ವೈರಣ್ಣ?"

ನನ್ನ ಮುಖಕ್ಕೆ ಏನಾಗಿದೆ ಎಂದು ಕೇಳಿದೆ. ಏನೂ ಆಗಿಲ್ಲ, ಏಣಿ ಹತ್ತುವವನ ಮುಖ ಹಾಗೇ ಉಳಿದಿದೆ, ಅದೇ ತೊಂದರೆ ಎಂದರು. ಹಿರಿಯ ತಜ್ಞರಿಗೆ ಆಸ್ಪತ್ರೆ ಕೊಡುವ ದಿನದ ದರ ಕೇಳಿದೆ. ಅದನ್ನು ಅವರು ಹೇಳಲಿಲ್ಲ. ಆದರೆ ಕೋಟಿನವರು, ಹೊಸಬರಾದ್ದರಿಂದ, ಬಾಯಿತಪ್ಪಿ ಹೇಳಿಬಿಟ್ಟರು. ಟೆಂಡರಿನಲ್ಲಿರುವ ನಾನು ಒಂದು ವಾರದಲ್ಲಿ ದುಡಿಯುವುದನ್ನು ಸಂಬಳ ಪಟ್ಟಿಯಲ್ಲಿರುವ ನಾನು ದುಡಿಯಲು ಮೂರು ತಿಂಗಳು ಬೇಕು.

ಕಾರು ಇಳಿದ ಮೇಲೆ ಕೋಟಿನವರು ನನ್ನ ಹಿಂದೆಯೇ ನೆಲಮಾಳಿಗೆಗೆ ಬಂದರು. ಹೊಡೆಯಲೋ ಬಿಡಲೋ ಎಂದು ನಾನು ಯೋಚಿಸುತ್ತಿದ್ದೆ. ಅವರು ಬ್ಯಾಗನ್ನು ನನ್ನ ಕೈಯಿಂದ ತೆಗೆದು ಕಪಾಟಿನ ಮೇಲಿಟ್ಟರು. "ಅಣ್ಣ, ನಿಮ್ಮ ಹೆಸರು ಹೇಳ್ಕೊಂಡಿದ್ದಕ್ಕೆ ನಂಗೇನೂ ಎಕ್ಸ್ಟ್ರಾ ಕೊಡಲ್ಲ. ಈ ಕೋಟೂ ನಮ್ಮ ಭಾವಂದು" ಎಂದರು. ಅವರ ಸಂಬಳ ನನಗಿಂತ ಸ್ವಲ್ಪವೇ ಹೆಚ್ಚು. ಓದಿದ್ದು ರಸಾಯನಶಾಸ್ತ್ರ. ಹೊಡೆಯುವ ಯೋಚನೆ ಬಿಟ್ಟೆ.

ಕಾರಣ, ಒಂದು ಸರಳ ಪ್ರಶ್ನೆ ಹುಟ್ಟಿತು. ಹಿರಿಯ ತಜ್ಞರ ಸಂಬಳ ನನಗೆ ಬರುತ್ತಿಲ್ಲ. ಅವರ ಮುಖಕ್ಕೂ ಬರುತ್ತಿಲ್ಲ. ಅವರ ಕೋಟಿಗೂ ಬರುತ್ತಿಲ್ಲ. ಹಾಗಾದರೆ ಯಾರು ತಿನ್ನುತ್ತಿದ್ದಾರೆ?

೭. ಈ ಪ್ರಶ್ನೆ ಹಿಡಿದುಕೊಂಡೇ ತಮ್ಮ ಗಾಜಿನ ಕೋಣೆಗೆ ಬಂದದ್ದು. ತಾವು ಕೂರಿಸಿ, ನೀರು ಕೊಟ್ಟು, ನಗುತ್ತ ಮಾತಾಡಿದಿರಿ. ಅದನ್ನು ಮರೆತಿಲ್ಲ. ನನ್ನ ವಿವರವನ್ನು ಕಂಪ್ಯೂಟರಿನಲ್ಲಿ ತೆರೆದು ಪದವಿ ಎಂಬ ಖಾನೆ ಖಾಲಿ ಇರುವುದನ್ನು ತೋರಿಸಿದಿರಿ. ಖಾನೆ ತುಂಬದೆ ಗ್ರೇಡ್ ಒತ್ತಿದರೆ ಕೆಂಪು ಗೆರೆ ಬರುವುದನ್ನೂ ಎರಡು ಸಲ ಒತ್ತಿ ತೋರಿಸಿದಿರಿ. ತಮಗೆ ಕೊಡಬಾರದೆಂದೇನೂ ಇಲ್ಲ, ವ್ಯವಸ್ಥೆ ಒಪ್ಪುತ್ತಿಲ್ಲ ಎಂದಿರಿ.

ಟೆಂಡರಿನಲ್ಲಿ ನನಗೆ ಎಂಜಿನಿಯರಿಂಗ್ ಪದವಿ ಕೊಟ್ಟಿದ್ದಾರಲ್ಲ, ಅಲ್ಲಿ ಹೇಗೆ ಒಪ್ಪಿತು ಎಂದು ನಾನು ಕೇಳಿದೆ. ತಾವು ಪರದೆಯನ್ನು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡಿರಿ. ಆಮೇಲೆ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ:

"ಅದು ಮಾರಾಟದವರ ವ್ಯವಸ್ಥೆ. ಇದು ನಮ್ದು. ಎರಡಕ್ಕೂ ಕನೆಕ್ಷನ್ ಇಲ್ಲ."

ಮಾನ್ಯರೇ, ಎರಡು ಪೆಟ್ಟಿಗೆಗಳ ನಡುವೆ ಕನೆಕ್ಷನ್ ಇಲ್ಲದಿದ್ದರೆ ಕೊಡುವುದೇ ನನ್ನ ವೃತ್ತಿ. ಆಸ್ಪತ್ರೆಯ ಔಷಧದ ಅಂಗಡಿಗೂ ಮೇಲಿನ ವಾರ್ಡಿಗೂ ಕೊಟ್ಟಿದ್ದೇನೆ. ಹಾಳು ಬಿದ್ದ ಗೋದಾಮಿಗೂ ಅದರ ಮಾಲೀಕರ ಮಲಗುವ ಕೋಣೆಗೂ ಕೊಟ್ಟಿದ್ದೇನೆ. ಒಂದೇ ಕಟ್ಟಡದ ಐದನೇ ಮಹಡಿಯಲ್ಲಿ ಗೋಡೆಗೆ ಗೋಡೆ ತಾಗಿಕೊಂಡಿರುವ ಎರಡು ವಿಭಾಗಗಳಿಗೆ, ನನ್ನ ಸಂಬಳದ ವಿಷಯ ಬಂದಾಗ ಮಾತ್ರ, ಕನೆಕ್ಷನ್ ಕೊಡಲು ಬರುವುದಿಲ್ಲ ಎಂದು ಕೇಳಿದ ಮೇಲೆ ಗುದ್ದಿದೆ. ಉಲ್ಲೇಖ ಒಂದರಲ್ಲಿ ಮೇಜಿನ ಗಾಜಿನ ಬೆಲೆ ಕಡಿತ ಮಾಡುವುದಾಗಿ ಹೇಳಿದ್ದೀರಿ. ಗ್ರೇಡ್ ಮೂರರಲ್ಲಿ ಕಡಿತ ಮಾಡುವುದನ್ನು ವ್ಯವಸ್ಥೆ ಒಪ್ಪಿದೆ ಎಂದು ತಿಳಿದು ಸಂತೋಷವಾಯಿತು.

೮. ಇದಾದ ಮೇಲೆ ಉಲ್ಲೇಖ ಎರಡು ಬಂತು. ಆಸ್ಪತ್ರೆಯ ಕೆಲಸ ಇನ್ನೂ ದೊಡ್ಡದಾಗಿ ಮತ್ತೆ ಟೆಂಡರಿಗೆ ಬಂದಿದೆ. ನನ್ನ ಸರ್ಟಿಫಿಕೇಟಿನ ಮೂರು ವರ್ಷ ಲಕೋಟೆ ತೆರೆಯುವ ಹಿಂದಿನ ದಿನಕ್ಕೆ ಮುಗಿಯುತ್ತದೆ. ಆದ ಕಾರಣ ನಾನು ಕೂಡಲೇ ಮತ್ತೆ ಪರೀಕ್ಷೆಗೆ ಕೂತು, ಸ್ವಂತ ಖರ್ಚಿನಲ್ಲಿ ನವೀಕರಿಸಿ, ಕಂಪನಿಯ ಮರ್ಯಾದೆ ಕಾಪಾಡಬೇಕು. ಟೆಂಡರ್ ಸಿಕ್ಕಿದ ಮೇಲೆ ಖರ್ಚನ್ನು ಪರಿಗಣಿಸಲಾಗುವುದು. ಪರಿಗಣಿಸಲಾಗುವುದು ಎಂದರೆ ಏನೆಂದು ಗ್ರೇಡ್ ಮೂರರವರಿಗೆ ವಿವರಿಸಬೇಕಾಗಿಲ್ಲ.

ನಿಜ ಹೇಳುತ್ತೇನೆ, ನಾನು ಕಟ್ಟಲು ಹೊರಟಿದ್ದೆ. ಟೆಂಡರ್ ಸಿಗದಿದ್ದರೆ ನೆಲಮಾಳಿಗೆಯವರನ್ನೇ ಮೊದಲು ತೆಗೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಕೆಲಸ ಇರಲಿ, ಗ್ರೇಡ್ ಆಮೇಲೆ ನೋಡೋಣ ಎಂದು ಲೆಕ್ಕ ಹಾಕಿದೆ. ಪುಸ್ತಕ ಹೊರಗೆ ಬಂತು. ಮಗಳು ಪ್ರಶ್ನೆಗಳನ್ನು ಬರೆಯಲು ಕೂತಳು. ಹೆಂಡತಿ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿಕೊಂಡು, ಊದಿದ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಮೊದಲ ಪ್ರಶ್ನೆ ಕೇಳಲು ಕಾಗದ ತೆಗೆದುಕೊಂಡಳು. ಕೇಳಲಿಲ್ಲ. ಫೀಸು ಯಾರಿಗೋಸ್ಕರ ಎಂದಳು. ಹಿರಿಯ ತಜ್ಞರ ಸಂಗತಿಯನ್ನು ಅವಳಿಗೆ ಅದುವರೆಗೆ ಪೂರ್ತಿಯಾಗಿ ಹೇಳಿರಲಿಲ್ಲ. ಈಗ ಹೇಳಿದೆ. ಕೋಟು, ಬ್ಯಾಗು, ಬೆನ್ನು ತಟ್ಟಿದ್ದು, ಎಲ್ಲ.

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಮನೆಯಲ್ಲಿ ಕೂಗಾಡುವ ಇಲಾಖೆ ನನ್ನದಾದ್ದರಿಂದ ಅವಳು ಹಾಗೆ ಮಾಡಲಿಲ್ಲ. ಕೈಯಲ್ಲಿದ್ದ ಅಂಗಿಯ ತೋಳನ್ನು ಪೂರ್ತಿ ಮಾಡಿ ಮಡಚಿಟ್ಟಳು. ಆಮೇಲೆ ಕೇಳಿದಳು:

"ಅಲ್ಲ ರೀ, ಆ ಮನುಷ್ಯನಿಗೆ ನಾವ್ಯಾಕೆ ಫೀಸು ಕಟ್ಟಿ ಓದಿಸ್ಬೇಕು? ಮೂರು ವರ್ಷ ದುಡ್ದಿದಾನಲ್ಲ, ಈ ಮನೆಗೆ ಒಂದು ದಿನ ಒಂದು ಬ್ರೆಡ್ಡಾದ್ರೂ ತಂದಿದಾನಾ?"

ನಾನು ಗಂಟಲು ಸರಿ ಮಾಡಿಕೊಂಡೆ.

ಉತ್ತರ ಗೊತ್ತಿಲ್ಲ ಎಂದು ಅವಳಿಗೆ ಗೊತ್ತಾಯಿತು. ಪ್ರಶ್ನೆಯ ಕಾಗದವನ್ನು ಮಗಳಿಗೆ ವಾಪಸು ಕೊಟ್ಟಳು. ನನಗೆ ಮಾರಾಟ ವಿಭಾಗದ ಮುಖ್ಯಸ್ಥರ ಮೇಲೆ, ತಮ್ಮ ಮೇಲೆ, ಕೆಂಪು ಗೆರೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಈ ಮೂರು ವರ್ಷ ಏನನ್ನೂ ಕೇಳದೆ ಇಸ್ತ್ರಿ ಹಾಕಿದ ಅವಳ ಮೇಲೆಯೇ ಸಿಟ್ಟು ಬಂತು. ನಾಳೆಯೇ ಹೋಗಿ ಒಬ್ಬೊಬ್ಬರಿಗೂ ಮಾಡುತ್ತೇನೆ ಎಂದು ಎದ್ದೆ. ಮಗಳು ಹೇಳಿದಳು: "ಜಗಳ ಆಡ್ಬೇಡಪ್ಪ. ಬಾಯಲ್ಲಿ ಹೇಳಿದ್ರೆ ನಿನಗೆ ಮೆಮೊ ಬರುತ್ತೆ. ಬರೆದು ಕೊಡು, ಅವ್ರು ಉತ್ತರ ಹುಡುಕ್ಲಿ."

ಆ ಸಂಜೆ ಓದಲಿಲ್ಲ. ಸುಮ್ಮನೆ ಕೂರಲೂ ಆಗದೆ ಇಸ್ತ್ರಿ ಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಅಂದಿನಿಂದ ಸಂಜೆಯ ಬಟ್ಟೆ ನನ್ನದು. ಇಸ್ತ್ರಿ ಹಾಕಲು ಪದವಿ ಕೇಳುವುದಿಲ್ಲ. ಮೊದಲ ದಿನವೇ ಒಂದು ಕಾಲರ್ ಸುಟ್ಟೆ. ಬಟ್ಟೆಯವರು ಬಂದು ನನ್ನ ಮುಖಕ್ಕೇ, ನನ್ನ ಹೆಸರು ಹಿಡಿದು, ನೇರವಾಗಿ ಬೈದರು. ಬಹಳ ದಿನದ ಮೇಲೆ ನನ್ನ ಹೆಸರಿಗೆ ಬಂದದ್ದು ನನಗೇ ತಲುಪಿತು.

೯. ನವೀಕರಣದ ಕೊನೆಯ ದಿನ ನಿನ್ನೆ. ನಾನು ಪರೀಕ್ಷೆಗೆ ಕೂತಿಲ್ಲ, ಫೀಸೂ ಕಟ್ಟಿಲ್ಲ. ಇಂದು ಬೆಳಿಗ್ಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಯ ಪುಟದಲ್ಲಿ ನನ್ನ ಹೆಸರು ಹಾಕಿ ನೋಡಿದಾಗ ಅದರ ಮುಂದೆ ಚಾಲ್ತಿಯಲ್ಲಿಲ್ಲ ಎಂದು ಬಂದಿದೆ. ಇದೇ ಹೊತ್ತಿಗೆ ಆಸ್ಪತ್ರೆಯಲ್ಲಿ ಲಕೋಟೆಗಳನ್ನು ತೆರೆಯುತ್ತಿರಬೇಕು. ಮುಖ್ಯಸ್ಥರ ಫೋನುಗಳಿಗೆ ಕಾರಣ ಅದೇ ಇರಬಹುದು.

ಆದ್ದರಿಂದ ಮಾನ್ಯರ ಅವಗಾಹನೆಗೆ ತರುವುದೇನೆಂದರೆ, ತಮ್ಮ ಕಂಪನಿಯ ಹಿರಿಯ ನೆಟ್‌ವರ್ಕ್ ತಜ್ಞರು ನಿನ್ನೆ ತೀರಿಕೊಂಡಿದ್ದಾರೆ. ಅವರಿಗೆ ಪದವಿ ಇತ್ತು, ಒಳ್ಳೆಯ ಮುಖವಿತ್ತು, ಬಾಯಿ ಹತೋಟಿಯಲ್ಲಿತ್ತು. ಅವರು ಕಂಪನಿಗೆ ಮೂರು ವರ್ಷ ಒಂದು ದಿನವೂ ತಡವಾಗದೆ ದುಡಿದರು, ಒಮ್ಮೆಯೂ ಸಂಬಳ ಕೇಳಲಿಲ್ಲ, ಮೇಜು ಗುದ್ದಲಿಲ್ಲ. ಅಂಥ ನೌಕರರು ತಮಗೆ ಇನ್ನು ಸಿಗುವುದು ಕಷ್ಟ.

ಕಾರಣ, ಕೆಳಕಂಡ ಕೋರಿಕೆಗಳು:

ಅ) ಹತ್ತಿರದ ಸಂಬಂಧಿ ತೀರಿಕೊಂಡರೆ ಮೂರು ದಿನದ ರಜೆ ಎಂದು ಕಂಪನಿಯ ನಿಯಮಾವಳಿಯಲ್ಲಿದೆ. ಮೃತರ ಹೆಸರು, ಹುಟ್ಟಿದ ದಿನಾಂಕ, ತಂದೆ ತಾಯಿ ಎಲ್ಲ ನನ್ನವೇ ಆಗಿದ್ದು, ಇದಕ್ಕಿಂತ ಹತ್ತಿರದ ಸಂಬಂಧವನ್ನು ನಾನು ಒದಗಿಸಲಾರೆ. ರಜೆ ಮಂಜೂರು ಮಾಡಬೇಕು.

ಆ) ಮೃತರಿಗೆ ಮೂರು ವರ್ಷದ ಸಂಬಳ ಬಾಕಿ ಇದೆ. ಅವರ ವಾರಸುದಾರ ನಾನೊಬ್ಬನೇ. ಅದನ್ನು ನನ್ನ ಹೆಂಡತಿಯ ಹೆಸರಿಗೆ ಪಾವತಿಸಬೇಕು. ನನ್ನ ಹೆಸರಿಗೆ ಬೇಡ. ಅದು ಯಾರ ಬಳಿ ಇದೆಯೋ ಹೇಳಲು ಬರುವುದಿಲ್ಲ.

ಇ) ಮತ್ತೊಬ್ಬ ಹಿರಿಯ ತಜ್ಞ ಕಂಪನಿಗೆ ಬೇಕಾದಲ್ಲಿ, ನಾನು ಪರೀಕ್ಷೆಗೆ ಕೂರಲು ಸಿದ್ಧ. ಫೀಸು ಕಂಪನಿಯದು. ಗ್ರೇಡ್ ಮೊದಲು, ಸರ್ಟಿಫಿಕೇಟ್ ಆಮೇಲೆ. ಸಭೆಗೆ ನನ್ನ ಮುಖವೂ ಬಾಯಿಯೂ ಒಟ್ಟಿಗೆ ಬರುತ್ತವೆ. ಎರಡನ್ನೂ ಬಿಡಿಸಿ ಕೊಡುವ ಪದ್ಧತಿ ಇನ್ನು ಇಲ್ಲ.

ಕೆಲಸದಿಂದ ತೆಗೆಯುವುದಾದರೆ ಇಬ್ಬರಲ್ಲಿ ಯಾರನ್ನು ತೆಗೆಯಲಾಗಿದೆ ಎಂದು ಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು.

ಸದ್ಯಕ್ಕೆ ಗ್ರೇಡ್ ಮೂರರಲ್ಲಿ ಜೀವಂತವಾಗಿರುವ ತಮ್ಮ ವಿಶ್ವಾಸಿ,

(ಸಹಿ. ಸ್ವಂತ ಕೈಯಿಂದ, ಎರಡು ಗುರುತಿನ ಚೀಟಿ ತೋರಿಸಿ)

ಲಗತ್ತುಗಳು:
೧. ಚಾಲ್ತಿಯಲ್ಲಿಲ್ಲ ಎಂದು ತೋರಿಸುವ ಪುಟದ ಪ್ರತಿ. ಮರಣ ಪತ್ರವೆಂದು ಪರಿಗಣಿಸಲು ಅಡ್ಡಿಯಿಲ್ಲ.
೨. ಹೆಂಡತಿಯ ಮಣಿಕಟ್ಟಿನ ಬಗ್ಗೆ ಡಾಕ್ಟರು ಬರೆದುಕೊಟ್ಟ ಚೀಟಿಯ ಪ್ರತಿ. ಇದಕ್ಕೂ ಮೇಲಿನ ವಿಷಯಕ್ಕೂ ಕನೆಕ್ಷನ್ ಇಲ್ಲವೆಂದು ವ್ಯವಸ್ಥೆ ಹೇಳಬಹುದು. ಇದೆ.
೩. ಅಂಶ ಐದು, ಮುಚ್ಚಿದ ಲಕೋಟೆಯಲ್ಲಿ. ಹೆಂಡತಿಗೆ ತಿಳಿಯದಂತೆ ಮತ್ತೆ ಬರೆದದ್ದು. ಊಟದ ಮೊದಲು ತೆರೆಯಬಾರದು.

ವಿಶೇಷ ಸೂಚನೆ: ಕೋರಿಕೆ (ಅ)ದಲ್ಲಿ ಹೇಳಿದ ರಜೆ ಗ್ರೇಡ್ ಮೂರರವರಿಗೆ ಅನ್ವಯಿಸುವುದಿಲ್ಲ ಎಂದು ಕೆಂಪು ಗೆರೆ ಬಂದಲ್ಲಿ, ಅದೇ ರಜೆಯನ್ನು ಕೋಟಿನವರಿಗೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಅವರು ನನ್ನ ಹೆಸರಿನಲ್ಲಿ ಮೂರು ದಿನ ಮನೆಯಲ್ಲಿ ಕೂತು ದುಃಖಿಸಲಿ. ನಾನು ಎಂದಿನಂತೆ ಕೆಲಸಕ್ಕೆ ಬರುತ್ತೇನೆ.